ನೆಲಮಾಳಿಗೇಲಿ ಹೊದ್ದು ಮಲಗಿರೋ ಈ ಕಾರು ಯಾವ್ದು? ಇಂಗ್ಲಿಷಾ, ಇಟಾಲಿಯನ್ನಾ?

ಟ್ಯೂರಿನ್_ಹುಡುಗ
ಎಲ್ರಿಗೂ ನಮಸ್ಕಾರ. ನಾನು ಓದೋಕೆ ಅಂತ ಟ್ಯೂರಿನ್‌ಗೆ ಬಂದು ಎರಡು ವರ್ಷ ಆಯ್ತು, ಬಾರ್ರಿಯೆರಾ ದಿ ಮಿಲಾನೋ ಅನ್ನೋ ಹಳೇ ಕಾರ್ಮಿಕರ ಏರಿಯಾದಲ್ಲಿ ಮನೆ. ಕೆಳಗಡೆ ನೆಲಮಾಳಿಗೇಲಿ ಸಾಲಾಗಿ ಶಟರ್ ಹಾಕಿರೋ ಗ್ಯಾರೇಜುಗಳಿವೆ, ಒಂದು ನಮ್ಮ ಮನೆ ಓನರ್ ಅಜ್ಜಿದು. ನಿನ್ನೆ ಅವರ ಹಳೇ ಮಂಚ ಇಡೋಕೆ ಸಹಾಯ ಮಾಡು ಅಂತ ಕರೆದ್ರು, ಶಟರ್ ಎತ್ತಿದ್ರೆ ಒಳಗೊಂದು ಕಾರು. ಮೇಲೆ ಕಂಬಳಿ, ಅದರ ಮೇಲೆ ಟಾರ್ಪಾಲು, ಅದರ ಮೇಲೆ ಪೇಂಟ್ ಡಬ್ಬ, ಮುರಿದ ಕುರ್ಚಿ, ಒಂದು ಕ್ರಿಸ್ಮಸ್ ಮರ. ಅಜ್ಜಿ ಗಂಡ ತೀರ್ಕೊಂಡಾಗಿಂದ ಯಾರೂ ಮುಟ್ಟಿಲ್ವಂತೆ.

ಎಡಗಡೆ ಅರ್ಧ ಹೊದಿಕೆ ಸರಿಸಿ ನಾಲ್ಕು ಫೋಟೋ ತೆಗ್ದೆ. ಎರಡು ಬಾಗಿಲಿನ ಚಿಕ್ಕ ಕಾರು, ಮೇಲೆ ಗಟ್ಟಿ ಛಾವಣಿ. ಸ್ಟೀರಿಂಗ್ ಎಡಕ್ಕೆ. ಹೆಡ್‌ಲೈಟ್ ದುಂಡಗೆ, ಮುಚ್ಚಳ ಗಿಚ್ಚಳ ಏನೂ ಇಲ್ಲ. ಕಡ್ಡಿ ಚಕ್ರ, ನಾಲ್ಕೂ ಪಂಚರ್ ಆಗಿ ನೆಲಕ್ಕೆ ಕೂತಿವೆ. ಮುಂದಿನ ಮಡ್‌ಗಾರ್ಡ್ ಪಕ್ಕದಲ್ಲಿ ಯಾವುದೋ ಲಾಂಛನ ಇದ್ದು ಬಿದ್ದು ಹೋಗಿ ಎರಡು ತೂತು ಮಾತ್ರ ಉಳಿದಿದೆ.

ತಮಾಷೆ ಏನಂದ್ರೆ ಅಜ್ಜಿ ಹೇಳಿದ್ದು: ಗಂಡ ಯಾವಾಗ್ಲೂ ಅದನ್ನ "ನಮ್ಮ ಇಂಗ್ಲಿಷಿನವಳು" ಅಂತಿದ್ರಂತೆ. ಅದೇ ಬಾಯಲ್ಲಿ "ಇಲ್ಲೇ ನಾಲ್ಕು ಬೀದಿ ಆಚೆ ಕಟ್ಟಿದ್ದು" ಅಂತಾನೂ ಅಂದ್ರು. ಎರಡೂ ಹೆಂಗೆ ನಿಜ ಆಗುತ್ತೆ? ಅಜ್ಜಿಗೆ ಎಂಬತ್ತೇಳು, ಮರೆವು ಅಂತೂ ಇಲ್ಲ, ನನ್ನ ಬಾಡಿಗೆ ತಾರೀಖು ಒಂದು ದಿನ ತಪ್ಪಲ್ಲ. ಯಾವ ಕಾರು ಅಂತ ಹೇಳಿ ಪುಣ್ಯ ಕಟ್ಕೊಳ್ಳಿ.

ಆರ್‌ಪಿಎಂ_7000
ಫೆರಾರಿ. ಲಾಟರಿ ಹೊಡೀತು ಗುರು, ಯಾರಿಗೂ ಹೇಳ್ಬೇಡ ಅಜ್ಜಿ ಹತ್ರ ಸುಮ್ನೆ ತಗೊಂಡ್ಬಿಡು

ಹುಬ್ಬಳ್ಳಿ_ಮಿರ್ಚಿ
ಏನ್ರಿ ಇದು, ಮದುಮಗಳು ಸೆರಗ ಹೊಚ್ಚಕೊಂಡ ಕುಂತಂಗ ಐತಿ, ಪೂರ್ತಿ ಮಾರಿ ತೋರ್ಸ್ರಿ ಮೊದಲ. ನಂಗಂತೂ ಫಿಯೆಟ್ ಅನ್ನಸ್ತದ. ಟ್ಯೂರಿನ್ ಅಂದ್ರ ಫಿಯೆಟ್, ಬ್ಯಾರೆ ಏನ್ ಇರ್ತದ ಅಲ್ಲಿ. ನಮ್ಮ ಕಾಕಾಂದು ಡುಕ್ಕರ್ ಫಿಯೆಟ್ ಇತ್ತು, ಮುಂದಿನ ಬಾಗಿಲಾ ಉಲ್ಟಾ ತೆಗೀತಿತ್ತು, ಇದ್ರದ್ದೂ ಹಂಗ ಐತೇನ ನೋಡ್ರಿ.

ಟ್ಯೂರಿನ್_ಹುಡುಗ
ಇಲ್ಲ ಸರ್, ಕೀಲು ಮುಂದೆನೇ ಇದೆ, ಮಾಮೂಲಿ ಬಾಗಿಲು.

ಗುಜರಿ_ಗುರು
ಜೆಸಿ ರೋಡಲ್ಲಿ ಮೂವತ್ತು ವರ್ಷ ಸ್ಪೇರ್ ಪಾರ್ಟ್ಸ್ ಮಾರಿದೀನಿ, ಇದು ಫಿಯೆಟ್ ಚಕ್ರ ಅಲ್ಲ ಕಣಪ್ಪ. ಫಿಯೆಟ್ 1100ಗೆ ಪ್ರೆಸ್ ಮಾಡಿದ ತಗಡಿನ ಡಿಸ್ಕು, ಮೇಲೆ ಸ್ಟೀಲ್ ಬಟ್ಟಲು. ಇದು ಕಡ್ಡಿ ಚಕ್ರ, ನಟ್ಟೇ ಇಲ್ಲ, ನಡುವೆ ಎರಡು ಕಿವಿ ಇರೋ ಒಂದೇ ದೊಡ್ಡ ನಟ್ಟು, ಸುತ್ತಿಗೇಲಿ ಹೊಡೆದು ಬಿಚ್ಚೋದು. ಆ ಕಿವಿ ನಟ್ಟಿನ ಮೇಲೆ ಏನೋ ಬರೆದಿದೆ, ಮೂರನೇ ಫೋಟೋದಲ್ಲಿ ಮಸುಕಾಗಿ ಕಾಣ್ತಿದೆ. ಉಜ್ಜಿ ಓದಿ ಹೇಳು.

ಸುಮಾ_ಕ್ಲೇಮಾಡೆಲ್
ಗುರು ಅವರು ಹೇಳಿದ್ದು ಸರಿ, ಅಲ್ಲಿಂದಲೇ ಶುರು ಮಾಡ್ಬೇಕು. ನಾನು ಪುಣೆಯಲ್ಲಿ ಕಾರ್ ಡಿಸೈನ್ ಸ್ಟುಡಿಯೋದಲ್ಲಿ ಕೆಲಸ ಮಾಡೋದು, ಹೊಸಬರಿಗೆ ಮೊದಲನೇ ದಿನ ಹೇಳೋದೇ ಇದು: ಕೋಚ್‌ಬಿಲ್ಟ್ ಕಾರು, ಅಂದ್ರೆ ಒಬ್ರ ಗಾಡಿ ಮೇಲೆ ಇನ್ನೊಬ್ರು ಕೈಯಲ್ಲಿ ಬಾಡಿ ಕಟ್ಟಿದ ಕಾರು ಗುರ್ತು ಹಿಡೀಬೇಕಾದ್ರೆ ಆಕಾರ ನೋಡ್ಬೇಡಿ, ಆಕಾರ ಮೋಸ ಮಾಡುತ್ತೆ. 1950ರ ದಶಕದ ಟ್ಯೂರಿನ್‌ನಲ್ಲಿ ಪಿನಿನ್ ಫರೀನಾ, ಗಿಯಾ, ವಿನ್ಯಾಲೆ, ಅಲ್ಲೆಮಾನೋ, ವಿಯೋಟ್ಟಿ ಅಂತ ಬಾಡಿ ಕಟ್ಟೋರು ತುಂಬಾ ಜನ. ಒಬ್ಬನೇ ಡಿಸೈನರ್ ಬೆಳಿಗ್ಗೆ ಒಬ್ರಿಗೆ ಸಂಜೆ ಇನ್ನೊಬ್ರಿಗೆ ಗೆರೆ ಎಳೆದು ಕೊಡ್ತಿದ್ದ. ಒಂದೇ ಮೂತಿ ಫೆರಾರಿಗೂ ಇರುತ್ತೆ, ಫಿಯೆಟ್‌ಗೂ ಇರುತ್ತೆ.

ಅವರು ಸುತ್ತಿಗೇಲಿ ತಟ್ಟಿ ಮಾಡೋಕಾಗದ ಸಾಮಾನು ನೋಡಿ. ಗೇಜು, ಚಕ್ರ, ಲೈಟು, ಬಾಗಿಲ ಹಿಡಿ, ಇವೆಲ್ಲ ಹೊರಗಿಂದ ತರಿಸಿದ್ದು ಇಲ್ಲಾ ಮೂಲ ಕಾರಿಂದ ಹಾಗೇ ಉಳಿಸ್ಕೊಂಡಿದ್ದು. ಬಾಡಿ ಸುಳ್ಳು ಹೇಳಬಹುದು, ಚಕ್ರ ಹೇಳಲ್ಲ.

ಇನ್ನೊಂದು, ಮೊದಲನೇ ಫೋಟೋ ಪೂರ್ತಿ ಪಕ್ಕದಿಂದ ತೆಗೆದಿರೋದ್ರಿಂದ ಬಚಾವ್. ಸ್ಕ್ರೀನ್ ಮೇಲೆ ಸ್ಕೇಲ್ ಇಟ್ಟೆ. ಮುಂದಿನ ಚಕ್ರದ ನಡುವಿಂದ ಹಿಂದಿನ ಚಕ್ರದ ನಡುವಿಗೆ ಎಷ್ಟು ಟೈರ್ ಹಿಡಿಯುತ್ತೆ ಅಂತ ಲೆಕ್ಕ ಹಾಕಿದ್ರೆ ಮೂರೂವರೆಗಿಂತ ಸ್ವಲ್ಪ ಕಮ್ಮಿ ಬರ್ತಿದೆ. ನಮ್ಮ ಪದ್ಮಿನಿಗೆ ಹೀಗೇ ಲೆಕ್ಕ ಹಾಕಿದ್ರೆ ಹತ್ತಿರ ಹತ್ತಿರ ನಾಲ್ಕು ಬರುತ್ತೆ, ವೀಲ್‌ಬೇಸ್, ಅಂದ್ರೆ ಆ ಎರಡು ಚಕ್ರದ ನಡುವಿನ ದೂರ, 234 ಸೆಂ.ಮೀ., ಟೈರು 60ರ ಆಸುಪಾಸು. ಅಂದ್ರೆ ಇದು ದೊಡ್ಡ ಚಕ್ರ, ಗಿಡ್ಡ ಮೈ. ಯಾವುದೋ ಸ್ಪೋರ್ಟ್ಸ್ ಕಾರಿನ ಚಾಸಿ (ಕೆಳಗಿನ ಚೌಕಟ್ಟು) ಮೇಲೆ ಕೂತಿರೋ ಬಾಡಿ ಇದು, ಮನೆಮಂದಿ ಓಡಾಡೋ ಸೆಡಾನ್ ಮೇಲೆ ಕಟ್ಟಿದ್ದಲ್ಲ.

ಆರ್‌ಪಿಎಂ_7000
ಟೈರ್ ಪಂಚರ್ ಆಗಿದೆ ಮೇಡಂ, ಡಯಾಮೀಟರ್ ಹೆಂಗೆ ಸರಿ ಬರುತ್ತೆ

ಸುಮಾ_ಕ್ಲೇಮಾಡೆಲ್
ಅಡ್ಡಡ್ಡ ಅಳೆದಿದೀನಿ ಪುಣ್ಯಾತ್ಮ, ಮೇಲಿಂದ ಕೆಳಕ್ಕಲ್ಲ.

ಕುಡ್ಲದ_ಬೊಂಡ
ಎಂತ ಚಂದ ಹೇಳಿದ್ರಿ ಮಾರಾಯ್ರೆ. ನಾನು ಇಷ್ಟು ದಿನ ಬ್ಯಾಡ್ಜ್ ನೋಡಿಯೇ ಕಾರು ಹೇಳ್ತಿದ್ದದ್ದು.

ಟ್ಯೂರಿನ್_ಹುಡುಗ
ಈಗಷ್ಟೇ ಕೆಳಗೆ ಹೋಗಿ ಬಂದೆ. ಹಳೇ ಬನಿಯನ್‌ಗೆ ಸೀಮೆಎಣ್ಣೆ ಥರದ್ದೇನೋ ಹಚ್ಚಿ ಉಜ್ಜಿದೆ. ಕಿವಿ ನಟ್ಟಿನ ಮೇಲೆ ಇಂಗ್ಲಿಷಲ್ಲಿ "ಅನ್‌ಡೂ" ಅಂತ ಬರೆದು ಬಾಣ ಹಾಕಿದೆ!! ಕಡ್ಡಿ ಎಣಿಸಿದೆ, ಎರಡು ಸಲ, 48. ಡ್ಯಾಶ್‌ಬೋರ್ಡ್ ಗ್ಲಾಸ್ ಒಳಗಿಂದ ಟಾರ್ಚ್ ಬಿಟ್ಟೆ, ಗೇಜುಗಳ ಮೇಲೆ ಯೇಗರ್ ಅಂತಿದೆ. ಬಾಗಿಲು ಬೀಗ ಹಾಕಿದೆ, ಅಜ್ಜಿ ಕೀಲಿ ಹುಡುಕ್ತಿದಾರೆ.

ಮಂಡ್ಯದ್_ಗೌಡ
ಅನ್‌ಡೂ ಅಂತ ಬರ್ದವ್ರೆ ಅಂದ್ರೆ ಆ ಕಾಲ್ದಾಗೇ ಕಂಟ್ರೋಲ್ ಝಡ್ ಇತ್ತು ಅನ್ನು 😂

ಹುಬ್ಬಳ್ಳಿ_ಮಿರ್ಚಿ
ಯೇಗರ್ ಅಂದ್ರ ಇಂಗ್ಲಿಷ್ ಕಾರ್‌ನ್ಯಾಗ ಬರ್ತಿದ್ದ ಮೀಟರ್ ಅಲ್ಲೇನ್ರಿ, ಹಳೇ ಎಂಜಿದಾಗ ನೋಡೀನಿ. ಮುಗೀತ್ ಬಿಡ್ರಿ, ಇಂಗ್ಲಿಷ್ ಗಾಡಿ, ಅಜ್ಜಿ ಗಂಡ ಖರೇ ಹೇಳ್ಯಾನ.

ಸುಮಾ_ಕ್ಲೇಮಾಡೆಲ್
ಅಷ್ಟು ಬೇಗ ಮುಗಿಯಲ್ಲ ಸರ್. ಯೇಗರ್ ಮೀಟರು ಲ್ಯಾನ್ಚಿಯಾ, ಮಾಸೆರಾಟಿಯಲ್ಲೂ ಬರ್ತಿತ್ತು, ಅದೊಂದನ್ನೇ ನಂಬೋ ಹಾಗಿಲ್ಲ. ಆದ್ರೆ "ಅನ್‌ಡೂ" ಬಲವಾದ ಸಾಕ್ಷಿ. ಇಟಲಿಯ ಕಡ್ಡಿ ಚಕ್ರ ಅಂದ್ರೆ ಮಿಲಾನಿನ ಬೊರ್ರಾನಿ, ಅದರ ಮೇಲೆ ಒಂದು ಕೈಯ ಚಿತ್ರ ಇರುತ್ತೆ. ನಿಮ್ಮ ಕಾರಲ್ಲಿ ಕೈ ಇದ್ಯಾ?

ಟ್ಯೂರಿನ್_ಹುಡುಗ
ಕೈ ಇಲ್ಲ, ಕಾಲೂ ಇಲ್ಲ. ಬರೀ ಬಾಣ.

ಆರ್‌ಪಿಎಂ_7000
ಸರಿ ಫೆರಾರಿ ವಾಪಸ್ ತಗೊಂಡೆ. ಇಂಗ್ಲಿಷ್ ಮೆಕ್ಯಾನಿಕಲ್ಸ್ ಇಟಾಲಿಯನ್ ಬಾಡಿ ಅಂದ್ರೆ ಸನ್‌ಬೀಮ್ ವೆನೇಜಿಯಾ. 1963, ಹೆಸರಿಗೆ ತಕ್ಕ ಹಾಗೆ ವೆನಿಸ್‌ನಲ್ಲೇ ಬಿಡುಗಡೆ. ಇಲ್ಲಾಂದ್ರೆ ಇನ್ನೊಚೆಂಟಿ 950. ಎರಡ್ರಲ್ಲಿ ಒಂದು, ಬೆಟ್ಟು ಕಟ್ತೀನಿ

ಸುಮಾ_ಕ್ಲೇಮಾಡೆಲ್
ದಿಕ್ಕು ಸರಿ, ಊರು ತಪ್ಪು. ವೆನೇಜಿಯಾ ಕಟ್ಟಿದ್ದು ಮಿಲಾನಿನ ಟೂರಿಂಗ್, ಅಜ್ಜಿ ಹೇಳ್ತಿರೋದು ನಾಲ್ಕು ಬೀದಿ ಆಚೆ. ಜೊತೆಗೆ ಅದು ನಾಲ್ಕು ಜನ ಕೂರೋ ಉದ್ದ ಕಾರು, ವೀಲ್‌ಬೇಸ್ ಎರಡೂವರೆ ಮೀಟರ್ ದಾಟುತ್ತೆ. ಇನ್ನೊಚೆಂಟಿ 950 ಆಸ್ಟಿನ್ ಹೀಲಿ ಸ್ಪ್ರೈಟ್ ಮೇಲೆ ಕಟ್ಟಿದ ಛಾವಣಿ ಇಲ್ಲದ ಪುಟಾಣಿ, ಚಕ್ರವೂ ಚಿಕ್ಕದು. ಬೆಟ್ಟಿನ ದುಡ್ಡು ಎಲ್ಲಿಗೆ ಕಳಿಸ್ತೀರಿ?

ಹುಡುಗ, ಹಳೇ ಕಾರ್ಮಿಕರ ಏರಿಯಾ ಅಂದ್ರಲ್ಲ, ನಿಮ್ಮ ಕಡೆ ಕಾರ್ಖಾನೆಗಳಿದ್ವಾ?

ಟ್ಯೂರಿನ್_ಹುಡುಗ
ಇದ್ವಂತೆ! ಯಾಕೆ?

ಸುಮಾ_ಕ್ಲೇಮಾಡೆಲ್
ಅಲ್ಫ್ರೆಡೋ ವಿನ್ಯಾಲೆ ಅವರ ಬಾಡಿ ಕಟ್ಟೋ ಕಾರ್ಖಾನೆ ಇದ್ದಿದ್ದೂ ಟ್ಯೂರಿನ್ ಊರೊಳಗೇ. 1948ರಲ್ಲಿ ಶುರು ಮಾಡಿದ್ರು, 1960ರ ದಶಕದಲ್ಲಿ ಊರಾಚೆ ಗ್ರುಲ್ಯಾಸ್ಕೋಗೆ ಹೋದ್ರು. ಆಗಿನ ಕಾಲದ ಅರ್ಧಕ್ಕರ್ಧ ವಿನ್ಯಾಲೆ ಕಾರುಗಳ ಗೆರೆ ಜೊವಾನ್ನಿ ಮಿಕೆಲೊಟ್ಟಿ ಅನ್ನೋ ಡಿಸೈನರ್ ಅವರದ್ದು. ಮಡ್‌ಗಾರ್ಡ್ ಪಕ್ಕದ ಆ ಎರಡು ತೂತು ವಿನ್ಯಾಲೆ ಲಾಂಛನದ್ದೇ ಇರಬೇಕು ಅಂತ ನನಗೆ ಮೊದಲಿಂದ ಅನುಮಾನ, ಹೇಳಿರಲಿಲ್ಲ ಅಷ್ಟೇ.

ಈಗ ಇಂಗ್ಲಿಷ್ ಸ್ಪೋರ್ಟ್ಸ್ ಚಾಸಿ, ವಿನ್ಯಾಲೆ ಬಾಡಿ, ಎಡ ಸ್ಟೀರಿಂಗ್, ಗಟ್ಟಿ ಛಾವಣಿ. ನನ್ನ ಮನಸ್ಸಲ್ಲಿ ಒಂದು ಹೆಸರು ಬಂದಿದೆ, ಆದ್ರೆ ಇಂಜಿನ್ ನೋಡೋವರೆಗೂ ಬಾಯಿ ಬಿಡಲ್ಲ. ವೀಲ್‌ಬೇಸ್ ಟೇಪ್ ಹಿಡಿದು ಅಳೀರಿ. ಒಂದು ಫ್ರಿಜ್ ಮ್ಯಾಗ್ನೆಟ್ ತಗೊಂಡು ಹೋಗಿ.

ಕುಡ್ಲದ_ಬೊಂಡ
ಫ್ರಿಜ್ ಮ್ಯಾಗ್ನೆಟ್ ಎಂತಕ್ಕೆ?

ಗುಜರಿ_ಗುರು
ತಗಡೋ ಫೈಬರ್ರೋ ನೋಡೋಕೆ. ನಾವೂ ಸೆಕೆಂಡ್ ಹ್ಯಾಂಡ್ ಗಾಡಿ ತಗೊಳ್ಳುವಾಗ ಜೇಬಲ್ಲಿ ಮ್ಯಾಗ್ನೆಟ್ ಇಟ್ಕೊಂಡೇ ಹೋಗೋದು, ಎಲ್ಲಿ ಹಿಡಿಯಲ್ವೋ ಅಲ್ಲಿ ಮೆತ್ತಿದಾರೆ ಅಂತ ಅರ್ಥ. ಒಂದ್ಸಲ ಒಂದು ಅಂಬಾಸಿಡರ್‌ಗೆ ಬಾನೆಟ್ ಬಿಟ್ಟು ಬೇರೆಲ್ಲೂ ಹಿಡೀಲೇ ಇಲ್ಲ, ಅರ್ಧ ಕಾರು ಲಾಂಬಿನೇ, ಅಂದ್ರೆ ಮೆತ್ತೋ ಪುಟ್ಟಿ.

ಹಳೇ_ಹೆರಾಲ್ಡ್
ಇಷ್ಟು ಹೊತ್ತು ಸುಮ್ನೆ ಓದ್ತಿದ್ದೆ, ಮಿಕೆಲೊಟ್ಟಿ ಹೆಸರು ಬಂದ ಮೇಲೆ ಸುಮ್ನಿರೋಕೆ ಆಗ್ಲಿಲ್ಲ. ನಮ್ಮ ಸ್ಟ್ಯಾಂಡರ್ಡ್ ಹೆರಾಲ್ಡ್ ಗೆರೆ ಎಳೆದ ಮನುಷ್ಯ ಅದೇ ಮಿಕೆಲೊಟ್ಟಿ. ಇಂಗ್ಲೆಂಡಲ್ಲಿ ಟ್ರಯಂಫ್ ಹೆರಾಲ್ಡ್ ಅಂತ 1959ರಲ್ಲಿ ಬಂತು, ಮದ್ರಾಸಲ್ಲಿ ಸ್ಟ್ಯಾಂಡರ್ಡ್ ಮೋಟರ್ಸ್‌ನವರು 1961ರಿಂದ ಕಟ್ಟೋಕೆ ಶುರು ಮಾಡಿದ್ರು. ನಮ್ಮ ತಂದೆ ಚಿಕ್ಕಮಗಳೂರಲ್ಲಿ ಒಂದು ಇಟ್ಟಿದ್ರು, ತಿಳಿ ನೀಲಿ. ಬಾನೆಟ್ ಅಂದ್ರೆ ಬಾನೆಟ್ಟೂ ಮಡ್‌ಗಾರ್ಡೂ ಎಲ್ಲಾ ಸೇರಿ ಒಂದೇ ತುಂಡು, ಮುಂದಕ್ಕೆ ಮಗುಚಿ ಬಿಟ್ರೆ ಇಡೀ ಇಂಜಿನ್ನು ತಟ್ಟೇಲಿಟ್ಟ ಹಾಗೆ. ಮೆಕ್ಯಾನಿಕ್ ಮುಂದಿನ ಟೈರ್ ಮೇಲೆ ಕುಂಡಿ ಊರಿ ಕೂತು, ಬೀಡಿ ಕಚ್ಕೊಂಡು, ಆರಾಮಾಗಿ ಕೆಲಸ ಮಾಡೋನು. ತಿರುವು ಹೇಗೆ ತಗೊಳ್ತಿತ್ತು ಅಂದ್ರೆ ನಮ್ಮ ಎಸ್ಟೇಟ್ ರಸ್ತೇಲಿ ಜೀಪ್ ಎರಡು ಸಲ ಹಿಂದೆ ಮುಂದೆ ಮಾಡೋ ಕಡೆ ಇದು ಒಂದೇ ಸಲಕ್ಕೆ ತಿರುಗೋದು.

ಒಂದೇ ಕಷ್ಟ, ವೇಗವಾಗಿ ತಿರುವಿಗೆ ನುಗ್ಗಿದ್ರೆ ಹಿಂದಿನ ಚಕ್ರ ಒಳಕ್ಕೆ ಕಾಲು ಮಡಚಿ ಬಿಡ್ತಿತ್ತು. ಸ್ವಿಂಗ್ ಆಕ್ಸಲ್ ಹಣೆಬರಹ. ಚಾರ್ಮಾಡಿಯಲ್ಲಿ ಒಂದ್ಸಲ ಅಮ್ಮ ಇಳಿದು ನಡ್ಕೊಂಡೇ ಬರ್ತೀನಿ ಅಂದ್ಬಿಟ್ರು.

ಹುಬ್ಬಳ್ಳಿ_ಮಿರ್ಚಿ
ಅದಕ್ಕ ಮುಂದ ಸ್ಟ್ಯಾಂಡರ್ಡ್‌ನವ್ರದ ಗೆಜೆಲ್ ಗಾಡಿ ಬಂದಾಗ ಹಿಂದ ಗಟ್ಟಿ ಆಕ್ಸಲ್ ಹಾಕಿದ್ರು ನೋಡ್ರಿ. ನಾಕ್ ಬಾಗಿಲದ ಹೆರಾಲ್ಡ್ ನಮ್ಮ ದೇಶದಾಗ ಮಾತ್ರ ಮಾಡಿದ್ದು, ಇಂಗ್ಲೆಂಡ್‌ದಾಗ ಸೈತ ಇರಲಿಲ್ಲ. ಇದನ್ನ ಹೇಳಿದ್ರ ನಮ್ಮ ಹುಡುಗ್ರು ನಂಬಂಗಿಲ್ಲ.

ಆರ್‌ಪಿಎಂ_7000
ಅಂಕಲ್‌ಗಳು ಹೆರಾಲ್ಡ್ ಪುರಾಣ ಶುರು ಮಾಡಿದ್ರು, ಇನ್ನು ಮೂರು ಪೇಜ್ ಇದೇ

ಹಳೇ_ಹೆರಾಲ್ಡ್
ಪುರಾಣ ಅಲ್ಲಪ್ಪ, ಉತ್ತರ ಇದರಲ್ಲೇ ಇದೆ. ಹೆರಾಲ್ಡ್ ಗೆರೆ ಎಳೆದ ಕಾಲಕ್ಕೇ ಮಿಕೆಲೊಟ್ಟಿಯವರು ಟ್ರಯಂಫ್‌ನ ಇನ್ನೊಂದು ಚಾಸಿಗೂ ಬಾಡಿ ಗೆರೆ ಎಳೆದ್ರು. ಸುಮಾ ಅವರು ಬಾಯಿ ಬಿಡಲ್ಲ ಅಂದಿದಾರೆ, ಹಾಗಾಗಿ ನಾನೂ ಬಿಡಲ್ಲ.

ಮಂಡ್ಯದ್_ಗೌಡ
ಇದೊಳ್ಳೆ ಕತೆ ಆಯ್ತಲ್ಲಪ್ಪ, ಇಬ್ರೂ ಗೊತ್ತಿದ್ದೂ ಬಾಯಿ ಕಟ್ಕಂಡವ್ರೆ. ಹೇಳ್ರಣ್ಣ ಹೊತ್ತಾಯ್ತದೆ, ಗದ್ದೆಗೆ ನೀರ್ ಬಿಡಕ್ಕೋಗ್ಬೇಕು

ಟ್ಯೂರಿನ್_ಹುಡುಗ
ಸಾರಿ ಲೇಟಾಯ್ತು. ಕೀಲಿ ಸಿಕ್ತು, ಬಿಸ್ಕತ್ ಡಬ್ಬೀಲಿ ಗುಂಡಿ ದಾರದ ಜೊತೆ ಇತ್ತು.

ವೀಲ್‌ಬೇಸ್ ಅಳೆದೆ, 223 ಸೆಂ.ಮೀ. ಮತ್ತೆ ಚೂರು. ಮ್ಯಾಗ್ನೆಟ್ ಬಾಗಿಲು, ಛಾವಣಿ, ಮಡ್‌ಗಾರ್ಡ್ ಎಲ್ಲಾ ಕಡೆ ಹಿಡೀತು, ಹಿಂದಿನ ಬಲಗಡೆ ಮೂಲೇಲಿ ಒಂದು ಅಂಗೈ ಅಗಲ ಬಿಟ್ಟು. ಬಾನೆಟ್ ತೆಗೆಯೋಕೆ ಅರ್ಧ ಗಂಟೆ ಆಯ್ತು. ಒಳಗೆ ನಾಲ್ಕು ಸಿಲಿಂಡರ್ ಇಂಜಿನ್, ಎರಡು ಕಾರ್ಬುರೇಟರ್, ಮೇಲೆ ಗಂಟೆ ಥರ ಗುಮ್ಮಟ ಇದೆ ಎರಡಕ್ಕೂ. ಡಿಸ್ಟ್ರಿಬ್ಯೂಟರ್ ಮೇಲೆ ಲ್ಯೂಕಾಸ್ ಅಂತಿದೆ. ಅಜ್ಜಿ ಕುರ್ಚಿ ತರಿಸ್ಕೊಂಡು ಪಕ್ಕದಲ್ಲೇ ಕೂತಿದಾರೆ, ನಾನು ಏನ್ ಮುಟ್ಟಿದ್ರೂ "ಪಿಯಾನೋ, ಪಿಯಾನೋ" ಅಂತಾರೆ, ಅಂದ್ರೆ ಮೆಲ್ಲಗೆ ಅಂತ.

ಗುಜರಿ_ಗುರು
ಆ ಗುಮ್ಮಟದ್ದು ಎಸ್‌ಯು ಕಾರ್ಬುರೇಟರ್, ಅಂಬಾಸಿಡರ್‌ಗೂ ಅದೇ ಜಾತಿದು ಬರ್ತಿತ್ತು. ಮೇಲಿನ ಬಿರಡೆ ತಿರುಗಿಸಿ ಒಂಚೂರು ಎಣ್ಣೆ ಬಿಡಬೇಕು, ಇಲ್ದಿದ್ರೆ ಆಕ್ಸಿಲರೇಟರ್ ಒತ್ತಿದಾಗ ಕೆಮ್ಮುತ್ತೆ. ಲ್ಯೂಕಾಸ್ ಅಂದ್ರೆ ಇನ್ನು ಮಾತೇ ಇಲ್ಲ, ಹುಟ್ಟೂರು ಇಂಗ್ಲೆಂಡು. ಇಟಲಿಯವನಾಗಿದ್ರೆ ವೆಬರ್ ಇಲ್ಲಾ ಸೋಲೆಕ್ಸ್, ಮಾರೆಲ್ಲಿ ಇರೋದು.

ಸುಮಾ_ಕ್ಲೇಮಾಡೆಲ್
223 ಮತ್ತೆ ಚೂರು ಅಂದ್ರೆ 88 ಇಂಚು. ಮ್ಯಾಗ್ನೆಟ್ ಯಾಕೆ ಕೇಳಿದ್ದು ಅಂದ್ರೆ, ಇದೇ ಇಂಜಿನ್ ಹಾಕಿದ ಪೀರ್‌ಲೆಸ್ ಜಿಟಿ ಅಂತ ಒಂದು ಇಂಗ್ಲಿಷ್ ಕೂಪೆ (ಗಟ್ಟಿ ಛಾವಣಿಯ ಎರಡು ಬಾಗಿಲ ಕಾರು) ಇದೆ, ಅದರದ್ದು ಫೈಬರ್ ಬಾಡಿ, ವೀಲ್‌ಬೇಸ್ 94 ಇಂಚು. ಅದು ಅಲ್ಲ ಅಂತ ಈಗ ಖಾತ್ರಿ. ಆದ್ರೆ 88 ಇಂಚು ಟ್ರಯಂಫ್ ಕಂಪನಿಯ ಸ್ಪೋರ್ಟ್ಸ್ ಕಾರು ಟಿಆರ್3ಗೂ ಇದೆ, ಅದರ ಮುಂದಿನ ಟಿಆರ್4ಗೂ ಇದೆ. ಟಿಆರ್4 ಗೆರೆ ಕೂಡ ಮಿಕೆಲೊಟ್ಟಿ ಅವರದ್ದೇ, 1961ರದ್ದು, ಅದಕ್ಕೆ ಛಾವಣಿ ಹಾಕಿಸಿದ ಡವ್ ಅನ್ನೋ ಕೂಪೆನೂ ಇದೆ. ಎರಡರಲ್ಲಿ ಯಾವುದು?

ಬಾನೆಟ್ ಕೆಳಗೆ, ಇಂಜಿನ್ ಹಿಂದಿನ ಗೋಡೇಲಿ ಒಂದು ಚಿಕ್ಕ ತಗಡಿನ ಪಟ್ಟಿ ಇರಬೇಕು. ನಂಬರ್ ಮುಂದೆ ಎರಡು ಅಕ್ಷರ. ಸಿಟಿ ಅಂತಿದ್ರೆ ಟಿಆರ್4. ಟಿಎಸ್ ಅಂತಿದ್ರೆ... ಓದಿ ಹೇಳಿ.

ಆರ್‌ಪಿಎಂ_7000
ಸಿಟಿ. ನೂರು ರೂಪಾಯಿ

ಕುಡ್ಲದ_ಬೊಂಡ
ಟಿಎಸ್. ಒಂದು ಪ್ಲೇಟ್ ಗೋಳಿಬಜೆ

ಟ್ಯೂರಿನ್_ಹುಡುಗ
ಟಿಎಸ್!!!! ಮುಂದಿನ ಅಂಕಿ ಇಲ್ಲಿ ಹಾಕಲ್ಲ, ಅಜ್ಜಿ ಬೇಡ ಅಂದ್ರು. ಆದ್ರೆ ಟಿಎಸ್ ಅಂತೂ ನಿಜ.

ಸುಮಾ_ಕ್ಲೇಮಾಡೆಲ್
ಹಾಗಾದ್ರೆ ನಿಮ್ಮ ಅಜ್ಜಿ ಗಂಡ ಹೇಳಿದ್ದೂ ನಿಜ, ಅಜ್ಜಿ ಹೇಳಿದ್ದೂ ನಿಜ. ಇದು ಟ್ರಯಂಫ್ ಇಟಾಲಿಯಾ 2000.

ಕತೆ ಹೀಗೆ. ನೇಪಲ್ಸ್‌ನಲ್ಲಿ ಸಾಲ್ವತೋರೆ ರುಫಿನೋ ಅಂತ ಇಟಲಿಗೆ ಟ್ರಯಂಫ್ ಕಾರು ತರಿಸಿ ಮಾರ್ತಿದ್ದ ವ್ಯಾಪಾರಿ. ಟಿಆರ್3 ಗಾಡಿ ಗಟ್ಟಿ, ಬೆಲೆ ಹದ, ಆದ್ರೆ ನಮ್ಮ ಜನಕ್ಕೆ ಅದರ ರೂಪ ಒರಟು ಅಂತ ಅವನ ಲೆಕ್ಕ. ಮಿಕೆಲೊಟ್ಟಿ ಹತ್ರ ಗೆರೆ ಎಳೆಸಿದ, ವಿನ್ಯಾಲೆ ಹತ್ರ ಬಾಡಿ ಕಟ್ಟಿಸಿದ. ಇಂಗ್ಲೆಂಡಿನ ಕೊವೆಂಟ್ರಿಯಿಂದ ಟಿಆರ್3 ಚಾಸಿ ಇಂಜಿನ್ ಸಮೇತ ಟ್ಯೂರಿನ್‌ಗೆ ಬರೋದು, ವಿನ್ಯಾಲೆ ಕಾರ್ಖಾನೇಲಿ ತಗಡು ತಟ್ಟಿ ಉಡುಪು ತೊಡಿಸೋದು. 1958ರ ಟ್ಯೂರಿನ್ ಪ್ರದರ್ಶನದಲ್ಲಿ ಮೊದಲನೇದನ್ನ ಇಟ್ರು. ಅದರ ಮೂತಿ ಚೂಪಾಗಿ ಕೆಳಗೆ ಇಳಿದಿತ್ತು, ಹೆಡ್‌ಲೈಟ್ ಮುಚ್ಚಳದ ಹಿಂದೆ. 1959ರಿಂದ ಮಾರೋಕೆ ಕಟ್ಟಿದ್ದಕ್ಕೆ ಮಾಮೂಲಿ ದುಂಡು ಹೆಡ್‌ಲೈಟು, ನಿಮ್ಮ ಕಾರಲ್ಲಿರೋ ಹಾಗೆ. ಮುಚ್ಚಳ ಇಲ್ಲ ಅಂತ ಮೊದಲನೇ ಪೋಸ್ಟಲ್ಲೇ ನೀವು ಬರೆದಿದ್ದು ಒಳ್ಳೇದಾಯ್ತು, ಇಲ್ದಿದ್ರೆ ಯಾರಾದ್ರೂ ಪ್ರೊಟೊಟೈಪ್ ಅಂತ ಹುಯಿಲೆಬ್ಬಿಸಿರೋರು.

ಸಾವಿರ ಕಟ್ಬೇಕು ಅಂತಿತ್ತು. 1962ಕ್ಕೆ ನಿಂತೋಯ್ತು, ಒಟ್ಟು ಸುಮಾರು 330. ಅಷ್ಟರಲ್ಲಿ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿ ಲೇಲ್ಯಾಂಡ್ ಕೈಗೆ ಹೋಗಿತ್ತು, ಟಿಆರ್4 ಬಂದಿತ್ತು. ಮಿಕೆಲೊಟ್ಟಿ ಗೆರೆನೇ ಕಾರ್ಖಾನೆಯಿಂದ ನೇರವಾಗಿ ಕಮ್ಮಿ ದುಡ್ಡಿಗೆ ಸಿಗುವಾಗ ಕೈಯಲ್ಲಿ ತಟ್ಟಿದ್ದಕ್ಕೆ ಯಾರು ಜಾಸ್ತಿ ಕೊಡ್ತಾರೆ. ತಮ್ಮ ಬಂದು ಅಣ್ಣನ ಅನ್ನ ಕಿತ್ಕೊಂಡ ಹಾಗೆ.

ಹಳೇ_ಹೆರಾಲ್ಡ್
ನಾನು ಬಾಯಿ ಕಟ್ಕೊಂಡಿದ್ದು ಇದೇ ಹೆಸರು. ಅಂದ್ರೆ ಈ ಕಾರು ನಮ್ಮ ಹೆರಾಲ್ಡಿನ ಒಡಹುಟ್ಟು. ಒಂದು ಟ್ಯೂರಿನ್ ಅಜ್ಜಿ ಮನೆ ಸೇರ್ತು, ಇನ್ನೊಂದು ಚಿಕ್ಕಮಗಳೂರಲ್ಲಿ ಕಾಫಿ ಮೂಟೆ ಹೊತ್ತು ಸವೀತು.

ಮಂಡ್ಯದ್_ಗೌಡ
ಅಲ್ಲಣ್ಣ ಇಂಜಿನ್ನೂ ಆ ಮಿಕೆಲೊಟ್ಟಿನೇ ಮಾಡಿದ್ನಾ?

ಗುಜರಿ_ಗುರು
ಇಲ್ಲ ಗೌಡ್ರೇ, ಡಿಸೈನರ್ ಇಂಜಿನ್ ಮುಟ್ಟಲ್ಲ. ಈ ಇಂಜಿನ್ ವಿಷಯ ಕೇಳಿದ್ರೆ ನಿಮಗೆ ಖುಷಿ ಆಗುತ್ತೆ. ಮೂಲತಃ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಇಂಜಿನ್ನು, ಅದೇ ಕುಟುಂಬದ್ದನ್ನ ಫರ್ಗುಸನ್ ಟ್ರಾಕ್ಟರ್‌ಗೂ ಹಾಕ್ತಿದ್ರು. ಒದ್ದೆ ಲೈನರ್, ಅಂದ್ರೆ ಸಿಲಿಂಡರ್ ತೋಳು ನೀರಲ್ಲಿ ನಿಂತಿರುತ್ತೆ, ಸವೆದ್ರೆ ಎಳೆದು ಹೊಸದು ಇಳಿಸಿದ್ರಾಯ್ತು, ಬೋರಿಂಗ್ ಮಾಡ್ಸೋ ತಲೆನೋವಿಲ್ಲ. ವ್ಯಾನ್‌ಗಾರ್ಡ್‌ಗೆ ಬೋರು, ಅಂದ್ರೆ ಸಿಲಿಂಡರ್ ಅಗಲ, 85 ಮಿ.ಮೀ., ಟಿಆರ್‌ಗೆ 83 ಮಾಡಿದ್ರು, 1,991 ಸಿಸಿ, ಎರಡು ಲೀಟರ್ ಒಳಗಿನ ರೇಸಿಗೆ ಹೊಂದ್ಲಿ ಅಂತ.

ಮಂಡ್ಯದ್_ಗೌಡ
ಫರ್ಗುಸನ್ನಾ! ನಮ್ಮನೇಲಿ ಮ್ಯಾಸ್ಸಿ 1035 ಅದೆ ಕಣಣ್ಣೋ, ಹಂಗಾದ್ರೆ ನನ್ ಟ್ರಾಕ್ಟ್ರೂ ಆ ಅಜ್ಜಿ ಕಾರೂ ಒಂದೇ ಇಂಜಿನ್ನು ಅನ್ನಿ

ಗುಜರಿ_ಗುರು
ಅಲ್ಲ ಅಲ್ಲ, ನಿಮ್ಮದು ಸಿಂಪ್ಸನ್ ಡೀಸೆಲ್. ನಾನು ಹೇಳಿದ್ದು 1940ರ ದಶಕದಲ್ಲಿ ಕೊವೆಂಟ್ರಿಯಲ್ಲಿ ಮಾಡ್ತಿದ್ದ ಬೂದು ಬಣ್ಣದ ಟಿಇ20. ಹೆಸರು ಮಾತ್ರ ಒಂದು.

ಮಂಡ್ಯದ್_ಗೌಡ
ಬುಡಣ್ಣ, ಊರಲ್ಲಿ ನಾನು ಒಂದೇ ಅಂತ್ಲೇ ಹೇಳದು

ಆರ್‌ಪಿಎಂ_7000
ಟ್ರಾಕ್ಟರ್ ಇಂಜಿನ್ ಹಾಕಿರೋ ಸ್ಪೋರ್ಟ್ಸ್ ಕಾರ್ 🤦 ಇದಕ್ಕೆ ಇಷ್ಟೆಲ್ಲ ಬಿಲ್ಡಪ್ಪಾ

ಹಳೇ_ಹೆರಾಲ್ಡ್
ಮಗು, ಆ "ಟ್ರಾಕ್ಟರ್ ಇಂಜಿನ್" ನೂರು ಕುದುರೆ ಶಕ್ತಿ ಕೊಡ್ತಿತ್ತು. ಮಾರ್ಗನ್ ಪ್ಲಸ್ 4ಗೂ ಇದನ್ನೇ ಹಾಕಿದ್ರು. ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕಿ ದೊಡ್ಡ ಸಂಖ್ಯೆಯಲ್ಲಿ ಮಾರಿದ ಮೊದಲ ಇಂಗ್ಲಿಷ್ ಕಾರು ಟಿಆರ್3. ನಿನ್ನ ಹೆಸರಲ್ಲಿರೋ 7000 ಆರ್‌ಪಿಎಂಗೆ ಏರಿಸಿದ್ರೆ ಮಾತ್ರ ಬಿಚ್ಕೊಂಡು ಬರುತ್ತೆ, ಒಪ್ತೀನಿ.

ಹುಬ್ಬಳ್ಳಿ_ಮಿರ್ಚಿ
ನಂದೊಂದು ತಕರಾರ್ ಐತಿ. ಚಾಸಿ ಇಂಗ್ಲೆಂಡಿಂದ, ಇಂಜಿನ್ ಇಂಗ್ಲೆಂಡಿಂದ, ಗಾಲಿ ಇಂಗ್ಲೆಂಡಿಂದ. ತಗಡ ಒಂದ ಬಡದಾರ ಇವ್ರು. ಅಂದಮ್ಯಾಲೆ ಇಟಾಲಿಯಾ ಅಂತ ಹೆಸರ ಹೆಂಗ ಇಟ್ರು? ಅಂಗಿ ಹೊಲದಾಂವ ಕೂಸಿಗೆ ಅಪ್ಪ ಆಗ್ತಾನೇನು?

ಸುಮಾ_ಕ್ಲೇಮಾಡೆಲ್
ಆ ಅಂಗಿಗೆ ಅಲ್ವಾ ಸರ್ ಜನ ದುಡ್ಡು ಕೊಟ್ಟಿದ್ದು! ಒಳಗಿರೋದು ಬೇಕಿದ್ದೋರು ಕಮ್ಮಿ ಬೆಲೆಗೆ ಟಿಆರ್3 ತಗೋತಿದ್ರು. ಅಂಗಿ ಹೊಲಿಯೋರನ್ನ ಅಷ್ಟು ಹಗುರ ಮಾಡ್ಬೇಡಿ, ನನ್ನ ಹೊಟ್ಟೆಪಾಡು ಅದೇ.

ಹುಬ್ಬಳ್ಳಿ_ಮಿರ್ಚಿ
ತಪ್ಪಾತ್ರಿ ಅಕ್ಕಾರ 🙏 ಆದ್ರ ಕೂಸು ಇಂಗ್ಲೆಂಡ್‌ದ್ದ.

ಮಿಲಾನ್_ಮಲ್ನಾಡು
ಲೇಟಾಗಿ ಬಂದೆ, ಮೂರು ವಿಷಯ. ಒಂದು, ಅಜ್ಜಿ ಮನಸ್ಸು ಮಾಡಿದ್ರೆ ಎಎಸ್‌ಐ ಅಂತ ಹಳೇ ವಾಹನಗಳ ಸಂಸ್ಥೆ ಟ್ಯೂರಿನ್‌ನಲ್ಲೇ ಇದೆ, ಅಲ್ಲಿಂದ ಐತಿಹಾಸಿಕ ವಾಹನ ಅಂತ ಪ್ರಮಾಣಪತ್ರ ಮಾಡಿಸ್ಕೊಳ್ಳಲಿ. ಎರಡು, ಕಾಗದ ಪತ್ರ ಮೊದಲು ಹುಡುಕಿ, ಕಾರಿಗಿಂತ ಕಾಗದ ಮುಖ್ಯ ಇಲ್ಲಿ. ಮೂರು, ಬಾಗಿಲ ಒಳಗಿನ ರಟ್ಟು ಬಿಚ್ಚಿದ್ರೆ ಹಿಂದೆ ಸೀಮೆಸುಣ್ಣದಲ್ಲೋ ಮೊಳೆಯಲ್ಲೋ ಗೀಚಿದ ನಂಬರ್ ಇರಬಹುದು. ಕೈಯಲ್ಲಿ ಕಟ್ಟಿದ ಬಾಡಿಗಳಲ್ಲಿ ಒಂದರ ಬಾಗಿಲು ಇನ್ನೊಂದಕ್ಕೆ ಕೂರಲ್ಲ, ಅದಕ್ಕೇ ಪ್ರತಿ ತುಂಡಿಗೂ ಬಾಡಿ ನಂಬರ್ ಹಾಕಿಡ್ತಿದ್ರು. ನಂಬರ್ ಎಲ್ಲಾ ಒಂದೇ ಇದ್ರೆ ಯಾರೂ ಬದಲಾಯಿಸಿಲ್ಲ ಅಂತ.

ಆಮೇಲೆ ವಿನ್ಯಾಲೆ ಹೆಸರು ಈಗ ಫೋರ್ಡ್‌ನವರ ಕೈಲಿದೆ, ಮೊದಲು ದೆ ತೊಮಾಸೋ ಅನ್ನೋ ಇಟಲಿಯ ಕಾರು ಕಂಪನಿಗೆ ಮಾರಾಟ ಆಗಿ ಅಲ್ಲಿಂದ ಅವರಿಗೆ. ಚರ್ಮದ ಸೀಟು ಹಾಕಿದ ದುಬಾರಿ ಮಾಡೆಲ್‌ಗೆ ಯುರೋಪಲ್ಲಿ ಆ ಹೆಸರು ಅಂಟಿಸ್ತಿದ್ರು. ಪಾಪ, ಅಲ್ಫ್ರೆಡೋ ವಿನ್ಯಾಲೆ 1969ರಲ್ಲಿ ಕಂಪನಿ ಮಾರಿದ ಸ್ವಲ್ಪ ದಿನಕ್ಕೇ ಕಾರು ಅಪಘಾತದಲ್ಲಿ ಹೋಗ್ಬಿಟ್ರು.

ಟ್ಯೂರಿನ್_ಹುಡುಗ
ಅಜ್ಜಿಗೆ ಎಲ್ಲಾ ಓದಿ ಹೇಳಿದೆ, ಅಂದ್ರೆ ಕನ್ನಡದಿಂದ ನನ್ನ ಅರೆಬರೆ ಇಟಾಲಿಯನ್‌ಗೆ. ಟ್ರಾಕ್ಟರ್ ವಿಷಯ ಹೇಳ್ಬಾರ್ದಿತ್ತು, ಮುಖ ಸಿಂಡರಿಸಿದ್ರು. ವಿನ್ಯಾಲೆ ಅಂದ ಕೂಡ್ಲೇ ಎದ್ದು ಒಳಗೆ ಹೋಗಿ ಅದೇ ಬಿಸ್ಕತ್ ಡಬ್ಬಿ ತಂದು ಮೇಜಿನ ಮೇಲೆ ಸುರಿದ್ರು. ಗುಂಡಿಗಳ ಮಧ್ಯೆ ಒಂದು ಪುಟ್ಟ ಲಾಂಛನ, ಹಿಂದೆ ಎರಡು ಮೊಳೆ. ಬೀಳ್ತಾ ಇದ್ದಿದ್ದನ್ನ ಗಂಡ ಕಿತ್ತು ಎತ್ತಿಟ್ಟಿದ್ರಂತೆ, ಅಂಟಿಸ್ತೀನಿ ಅಂತ ಹೇಳಿ ಹೇಳಿ ಅಂಟಿಸ್ಲೇ ಇಲ್ವಂತೆ. ತೂತಿಗೆ ಹಿಡಿದು ನೋಡಿದೆ, ಸರಿಯಾಗಿ ಕೂತ್ಕೊಳ್ತು.

ಮಾರ್ತೀರಾ ಅಂತ ಕೇಳಿದ್ದಕ್ಕೆ ಮಾತೇ ಆಡ್ಲಿಲ್ಲ. ಆಮೇಲೆ ಭಾನುವಾರ ಹೊರಗೆ ಅಂಗಳಕ್ಕೆ ತಳ್ಳಿ ತೊಳೆಯೋಣ ಅಂದ್ರು. ಬ್ರೇಕ್ ಹಿಡ್ಕೊಂಡಿದೆ ಅನ್ಸುತ್ತೆ, ನನ್ನೊಬ್ಬನ ಕೈಲಿ ಆಗಲ್ಲ. ಟ್ಯೂರಿನ್ ಕಡೆ ಯಾರಾದ್ರೂ ಕನ್ನಡದೋರು ಇದ್ರೆ ಬನ್ನಿ, ಊಟ ನಂದು.

ಗುಜರಿ_ಗುರು
ಎಳೆದಾಡ್ಬೇಡಿ ಹುಷಾರು. ಮೊದಲು ಚಕ್ರ ಒಂದೊಂದೇ ಜ್ಯಾಕ್ ಮೇಲೆ ಎತ್ತಿ ಕೈಲಿ ತಿರುಗಿಸಿ ನೋಡು, ಯಾವುದು ಹಿಡ್ಕೊಂಡಿದೆ ಅಂತ ಗೊತ್ತಾಗುತ್ತೆ. ಆ ಕಿವಿ ನಟ್ಟಿಗೆ ಕಬ್ಬಿಣದ ಸುತ್ತಿಗೆ ತಗೊಂಡು ಹೋಗ್ಬೇಡ, ಮರದ್ದು ಇಲ್ಲಾ ತಾಮ್ರದ್ದು. ಬಾಣ ಯಾವ ಕಡೆ ಇದೆಯೋ ಆ ಕಡೆ ಹೊಡಿ, ಎಡದ್ದು ಬಲದ್ದು ಬೇರೆ ಬೇರೆ ಕಡೆ ಬಿಚ್ಚೋದು. ಬ್ಯಾಟರಿ ಕೊಟ್ಟು ಇಂಜಿನ್ ತಿರುಗಿಸೋ ಆಸೆ ಬೇಡವೇ ಬೇಡ, ಮೊದಲು ಪ್ಲಗ್ ಬಿಚ್ಚಿ ಒಳಗೆ ಎಣ್ಣೆ ಬಿಟ್ಟು ವಾರ ಹಾಗೇ ಬಿಡು.

ಮಿಲಾನ್_ಮಲ್ನಾಡು
ನಾನು ಬರ್ತೀನಿ, ರೈಲಲ್ಲಿ ಒಂದು ಗಂಟೆ ದಾರಿ. ಜ್ಯಾಕ್ ಇದೆ ನನ್ನ ಹತ್ರ. ಊಟ ಏನು?

ಟ್ಯೂರಿನ್_ಹುಡುಗ
ಚಿತ್ರಾನ್ನ. ಆದ್ರೆ ಕರಿಬೇವು ಖಾಲಿ, ಪೋರ್ಟಾ ಪಲಾತ್ಸೋ ಸಂತೇಲಿ ಹೋದ ವಾರ ಸಿಕ್ಕಿಲ್ಲ.

ಮಿಲಾನ್_ಮಲ್ನಾಡು
ಬಾಲ್ಕನೀಲಿ ಕುಂಡದಲ್ಲಿ ಬೆಳೆಸಿದೀನಿ, ಕಿತ್ಕೊಂಡು ಬರ್ತೀನಿ.

ಕುಡ್ಲದ_ಬೊಂಡ
ಆರ್‌ಪಿಎಂ ಅವ್ರೇ, ನನ್ನ ಗೋಳಿಬಜೆ ಎಲ್ಲಿ?